ಹೋದವನು ಮರಳಿ ಬರುವ ಆಟ

– ಕಾಲು ಇತ್ಲಾಗೆ ಚಾಚು. ಇಲ್ಲಿ ಒತ್ತಿದ್ರೆ ನೋವಾ?

– ನನ್ನ ಕಾಲಿಗೇನೂ ಆಗಿಲ್ಲ ಬಿಡಿ ಸಾರ್. ಆಗಿರೋದು ಅಣ್ಣನ ಮೊಣಕಾಲಿಗೆ. ಪಾವಗಡದ ಆಸ್ಪತ್ರೇಲಿ ಊದ್ಕೊಂಡು ಮಲಗವ್ನೆ. ನಾಳೆ ರಾತ್ರಿ ಕಬಡ್ಡಿ ಫೈನಲ್‌ಗೆ ಅವನಿಲ್ಲ. ಆ ಎಡ ಕಾರ್ನರ್‌ನವನು ವಿಷಲ್ ಆದಮೇಲೆ ತಿರುಚಿದ್ದು. ನೀವೂ ನೋಡಿದ್ರಿ.

– ನೋಡಿದೆ. ಅಂಪೈರ್ ನೋಡ್ಲಿಲ್ಲ.

– ನಾಳೆ ನಂದೂ ಯಾರೂ ನೋಡಲ್ಲ. ಅವನು ಕ್ಯಾಚರ್ರೇ ಇರಬಹುದು, ನಾಲ್ಕು ಜನ ಔಟಾಗಿ ಕೂತ ಮೇಲೆ ಅವನೂ ರೈಡಿಗೆ ಬರ್ಲೇಬೇಕಲ್ಲ. ಬರ್ಲಿ. ನಾವು ಹುಡುಗ್ರು ಆಗ್ಲೇ ಮಾತಾಡ್ಕಂಡಿದೀವಿ. ಒಬ್ಬ ಹಿಡಿಯೋದು, ಇಬ್ರು ಮೇಲೆ ಬೀಳೋದು. ಅಷ್ಟೇ.

– ಅಷ್ಟೇನಾ? ಬಟ್ಟೆ ಬಿಗಿಯಾಯ್ತೇನೋ?

– ಇಲ್ಲ, ಸರಿಯಾಗೈತೆ. ನೀವು ಬೇಡ ಅಂತೀರ ಅಂತ ಗೊತ್ತು. ಆದ್ರೆ ಒಂದು ಮಾತು ಸಾರ್. ಸುಮ್ಮನಿದ್ರೆ ಹೆದರಿದ್ರು ಅಂತಾರೆ. ಒಂದು ಸಲ ತಿರುಗಿ ಕೊಟ್ರೆ ಮುಂದಿನ ವರ್ಷ ಅವರಲ್ಲಿ ಯಾವನೂ ವಿಷಲ್ ಆದಮೇಲೆ ಕೈ ಹಾಕಲ್ಲ. ಅದು ತಪ್ಪು ಲೆಕ್ಕನಾ?

– ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ನೀನು ಹೇಳ್ತಿರೋ ಈ ಮಾತನ್ನೇ ಭೂಮಿಯ ಆ ಕೊನೇಲಿ ಜನ ನೂರು ವರ್ಷದಿಂದ ಹೇಳ್ತಿದಾರೆ. 2022ರಲ್ಲಿ ಕೆನಡಾದಲ್ಲಿ ಮಗಳ ಮನೇಲಿದ್ದೆನಲ್ಲ, ಕ್ಯಾಲ್ಗರಿ ಊರಲ್ಲಿ? ಮೇ ತಿಂಗಳಾದ್ರೂ ಸ್ವೆಟರ್ ತೆಗೀಲಿಲ್ಲ ನಾನು. ಆಗ ಅಲ್ಲಿ ಐಸ್ ಹಾಕಿಯ ಪ್ಲೇಆಫ್. ಕ್ಯಾಲ್ಗರಿಗೂ ಎಡ್ಮಂಟನ್‌ಗೂ. ಒಂದೇ ರಾಜ್ಯದ ಎರಡು ಊರು. 1991ರ ನಂತರ ಪ್ಲೇಆಫಲ್ಲಿ ಎದುರಾಗಿರಲೇ ಇಲ್ಲವಂತೆ. ಅಳಿಯಂದಿರು ಕೆಂಪು ಅಂಗಿ ಹಾಕ್ಕೊಂಡು ಟೀವಿ ಮುಂದೆ ಕೂತಿದ್ರು. ಮೊದಲನೇ ಪಂದ್ಯ ಕ್ಯಾಲ್ಗರಿ 9–6ರಲ್ಲಿ ಗೆದ್ದಿತು. ಬೀದೀಲೆಲ್ಲ ಕಾರಿನ ಹಾರನ್ನು. ಆಮೇಲೆ ನಾಲ್ಕು ಪಂದ್ಯ ಸಾಲಾಗಿ ಸೋತ್ರು, ಮನೆಗೆ ಹೋದ್ರು.

– ಒಂದೇ ತಂಡದ ಜೊತೆ ಐದು ಪಂದ್ಯನಾ?

– ಏಳರವರೆಗೂ ಹೋಗುತ್ತೆ. ನಾಲ್ಕು ಯಾರು ಮೊದಲು ಗೆಲ್ತಾರೋ ಅವರು ಮುಂದಕ್ಕೆ. ಹದಿನೈದು ದಿನ ಅದೇ ಮುಖ, ಅದೇ ಭುಜ, ಅದೇ ಕೋಲು. ಮೊದಲನೇ ಪಂದ್ಯದಲ್ಲಿ ತಿಂದ ಏಟನ್ನ ನಾಲ್ಕನೇ ಪಂದ್ಯದವರೆಗೂ ಒಳಗೆ ಇಟ್ಕೊಂಡಿರಬೇಕು. ಪ್ಲೇಆಫ್ ಗೆಲ್ಲೋ ತಂಡ ಯಾವುದು ಅಂದ್ರೆ ಆ ಏಟನ್ನ ಎಲ್ಲಿ ಇಡಬೇಕು ಅಂತ ಗೊತ್ತಿರೋ ತಂಡ, ಅಂತ ಅಳಿಯಂದಿರು ಹೇಳ್ತಿದ್ರು. ನಮ್ಮ ಕಾರ್ಡಿನ ಹಾಗೇ ಅಲ್ಲೂ ಶಿಕ್ಷೆ. ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ ಕೂರಬೇಕು, ಬದಲಿ ಆಟಗಾರ ಇಲ್ಲ. ದೊಡ್ಡದಕ್ಕೆ ಐದು. ಗೋಲಿನಲ್ಲಿ ನಿಲ್ಲೋನನ್ನ ಬಿಟ್ಟು ಐದು ಜನ ಆಡೋ ಕಡೆ ನಾಲ್ಕೇ ಜನ. ಹೊಡೆದವನು ಕೂತಿರ್ತಾನೆ, ಹೊಡೀದೇ ಇದ್ದವರು ಒಬ್ಬನ ಕೆಲಸಾನೂ ಸೇರಿಸಿ ಬೆವರು ಸುರಿಸ್ತಾರೆ.

– ಮೊದ್ಲು ಹೊಡೆದವನು ತಾನೇ ಸಾರ್ ಕೂರಬೇಕು?

– ಕೂರೋದು ಎರಡನೆಯವನು. ಅದೇ ನೋಡು ವಿಷ್ಯ. ಮೊದಲನೇ ಏಟು ಬೀಳುವಾಗ ಅಂಪೈರ್ ಕಣ್ಣು ಆಟದ ಮೇಲಿರುತ್ತೆ. ಸದ್ದು ಕೇಳಿ ತಿರುಗ್ತಾನೆ. ತಿರುಗೋ ಹೊತ್ತಿಗೆ ಮೇಲೆದ್ದಿರೋ ಕೈ ಯಾವುದು? ಏಟು ತಿಂದವನದು. ಅಂಕಣದಲ್ಲೂ ಅಷ್ಟೇ. ಮೂವತ್ತು ವರ್ಷ ಮಕ್ಕಳನ್ನ ಆಡಿಸಿದೀನಿ, ಹೊರಗೆ ಕಳಿಸಿದವರಲ್ಲಿ ಮುಕ್ಕಾಲು ಪಾಲು ಎರಡನೆಯವರೇ. ಅಳ್ತಾ ಹೋಗ್ತಿದ್ರು. ‘ಅವನೇ ಸಾರ್ ಮೊದ್ಲು’ ಅಂತಾನೇ ಹೋಗ್ತಿದ್ರು. ಅದು ಸುಳ್ಳೂ ಆಗಿರ್ತಿರಲಿಲ್ಲ.

– ನಾನೂ ಫೋನಲ್ಲಿ ನೋಡಿದೀನಿ ಆ ಹಾಕಿ. ಹೆಲ್ಮೆಟ್ ಕಿತ್ತು ಎಸ್ದು ಗುದ್ದಾಡ್ತಾರೆ, ಅಂಪೈರು ಪಕ್ಕದಲ್ಲಿ ನಿಂತಿರ್ತಾನೆ. ಡೆಟ್ರಾಯಿಟ್, ಕೊಲರಾಡೊ ಅಂತ ಒಂದು ಐತೆ. ಗೋಲಿನಲ್ಲಿ ನಿಲ್ಲೋರೂ ನಡುವಿಗೆ ಬಂದು ಗುದ್ದಾಡವ್ರೆ. ಆ ವರ್ಷ ಕಪ್ ಗೆದ್ದೋರು ಯಾರು ಹೇಳಿ ಸಾರ್? ತಿರುಗಿ ಹೊಡೆದೋರೇ.

– ನೀನು ಅದನ್ನ ಹೇಳಿದ್ದು ಒಳ್ಳೇದಾಯ್ತು. ಅದನ್ನ ಮುಚ್ಚಿಟ್ಟು ನಿನಗೆ ಬುದ್ಧಿ ಹೇಳಿದ್ರೆ ನಾನು ಮೋಸಗಾರ. ಪೂರ್ತಿ ಕೇಳು. 1996ರ ಮೇ 29, ಪ್ಲೇಆಫ್‌ನ ಆರನೇ ಪಂದ್ಯ. ಕೊಲರಾಡೊದ ಕ್ಲೋಡ್ ಲೆಮ್ಯೂ, ಡೆಟ್ರಾಯಿಟ್‌ನ ಕ್ರಿಸ್ ಡ್ರೇಪರ್‌ನ ಹಿಂದಿನಿಂದ ತಳ್ಳಿ ಬದಿಯ ಹಲಗೆಗೆ ಮುಖ ಗುದ್ದಿಸಿದ. ದವಡೆ ಮುರೀತು, ಮೂಗು ಮುರೀತು, ಕೆನ್ನೆಮೂಳೆ ಮುರೀತು. ಅವನಿಗೆ ಸಿಕ್ಕ ಶಿಕ್ಷೆ? ಎರಡು ಪಂದ್ಯ ಆಡಬಾರದು ಅಂತ. ಆ ವರ್ಷದ ಕಪ್ಪೂ ಅವರಿಗೇ ಹೋಯ್ತು.

– ಎರಡೇ ಪಂದ್ಯ!

– ಎರಡೇ. ಹತ್ತು ತಿಂಗಳು ಡೆಟ್ರಾಯಿಟ್‌ನವರು ಅದನ್ನ ಹೊಟ್ಟೇಲಿಟ್ಕೊಂಡಿದ್ರು. 1997ರ ಮಾರ್ಚ್ 26ಕ್ಕೆ ನೀನು ನೋಡಿದ ಆ ಗುದ್ದಾಟ. ಡ್ಯಾರೆನ್ ಮೆಕಾರ್ಟಿ ಅನ್ನೋನು ಲೆಮ್ಯೂನ ಮಂಜಿನ ಮೇಲೆ ಕೆಡವಿ ಬಡಿದ. ಅದೇ ಮೆಕಾರ್ಟಿ ಆವತ್ತು ಕೊನೇ ಗೋಲೂ ಹೊಡೆದ, 6–5. ನಮ್ಮನ್ನ ಒಂದು ತಂಡ ಮಾಡಿದ್ದು ಆ ರಾತ್ರಿ ಅಂತ ಅಲ್ಲಿಯವರು ಈಗಲೂ ಹೇಳ್ತಾರಂತೆ. ಅವರ ಮಾತನ್ನ ನಾನು ಅಲ್ಲಗಳೆಯಲ್ಲ. ಆದ್ರೆ ನಿನ್ನ ಫೋನು ಅಲ್ಲಿಗೇ ನಿಂತಿದೆ. ಎರಡು ತಿಂಗಳಿಗೆ ಪ್ಲೇಆಫ್ ಬಂತು, ಮತ್ತೆ ಅವರಿಬ್ರೇ ಎದುರು. ನಾಲ್ಕನೇ ಪಂದ್ಯದಲ್ಲಿ ಸಿಟ್ಟಿಗೆ ಸಿಕ್ಕಿಬಿದ್ದೋರು ಕೊಲರಾಡೊದವರು. ಗೋಲು ಬೀಳ್ತಾ ಹೋದ ಹಾಗೆ ಅವರ ಗುದ್ದಾಟ ಹೆಚ್ಚಿತು. ಅವರ ಕೋಚ್ ಮಾರ್ಕ್ ಕ್ರಾಫರ್ಡ್ ನಡುವಿನ ಗಾಜು ಹತ್ತಿ ಎದುರಿನ ಕೋಚ್‌ಗೆ ಬೈದ, ಹತ್ತು ಸಾವಿರ ಡಾಲರ್ ದಂಡ ಕಟ್ಟಿದ. ಡೆಟ್ರಾಯಿಟ್‌ನವರು ಏನು ಮಾಡಿದ್ರು? ಗೋಲು ಹೊಡೆದ್ರು. 6–0. ಕಪ್ ಗೆದ್ದಿದ್ದು ಆ ತಂಡ.

– ಮೊದ್ಲು ಹೊಡೆದು ಸಿಟ್ಟು ತೀರಿತ್ತಲ್ಲ, ಅದಕ್ಕೇ ಆಮೇಲೆ ತಣ್ಣಗಿದ್ರು.

– ಇರಬಹುದು. ನಿನ್ನ ಮಾತನ್ನ ಒಪ್ತೀನಿ. ಆದ್ರೆ ಮಾರ್ಚ್‌ನಲ್ಲಿ ಮೆಕಾರ್ಟಿಯ ಒಂದು ಗುದ್ದು ನಾಲ್ಕು ಬೆರಳು ಅತ್ಲಾಗೆ ಬಿದ್ದಿದ್ರೆ? ಅದೂ ಆಗಿದೆ ಕಣೋ. 2004ರ ಮಾರ್ಚ್ 8, ವ್ಯಾಂಕೂವರ್. ಮೂರು ವಾರದ ಹಿಂದೆ ತಮ್ಮ ಕ್ಯಾಪ್ಟನ್‌ಗೆ ಡಿಕ್ಕಿ ಹೊಡೆದಿದ್ದ ಅಂತ ಕೊಲರಾಡೊದ ಸ್ಟೀವ್ ಮೂರ್ ಅನ್ನೋ ಹುಡುಗನ ಮೇಲೆ ಕಣ್ಣಿಟ್ಟಿದ್ರು. ಆ ಪಂದ್ಯದಲ್ಲಿ ಅವನು ಒಂದು ಸಲ ಎದುರಿಗೇ ನಿಂತು ಗುದ್ದಾಡಿದ್ದ. ಅಲ್ಲಿಯ ಲೆಕ್ಕದಲ್ಲಿ ಬಾಕಿ ತೀರಿರಬೇಕಿತ್ತು. ತೀರಲಿಲ್ಲ. ಟಾಡ್ ಬರ್ಟೂಜಿ ಹಿಂದಿನಿಂದ ಬಂದು ಗುದ್ದಿ ಮಂಜಿಗೆ ಕೆಡವಿದ, ಮೇಲೆ ಉಳಿದವರು ಬಿದ್ರು. ಕುತ್ತಿಗೆಯ ಮೂರು ಮೂಳೆ ಮುರೀತು. ಆ ಹುಡುಗ ಮತ್ತೆ ಆಡಲೇ ಇಲ್ಲ. ಬರ್ಟೂಜಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಪರಿಹಾರದ ಕೇಸು ವರ್ಷಗಟ್ಟಲೆ ನಡೆದು 2014ರಲ್ಲಿ ಮುಗೀತು. ‘ಒಬ್ಬ ಹಿಡಿಯೋದು, ಇಬ್ರು ಮೇಲೆ ಬೀಳೋದು’ ಅಂದೆಯಲ್ಲ ಈಗ, ಅದಕ್ಕೇ ಇದು ನೆನಪಾಯ್ತು.

– …ಅಷ್ಟು ದೂರ ನಾವು ಯೋಚ್ನೆ ಮಾಡಿಲ್ಲ ಸಾರ್.

– ಅವನೂ ಮಾಡಿರಲಿಲ್ಲ. ಏಟಿಗೆ ಅಳತೆ ಇಟ್ಟು ಹೊಡೀತೀನಿ ಅನ್ನೋನು ಇನ್ನೂ ಹುಟ್ಟಿಲ್ಲ. ಆ ನೀರಿನ ಬಾಟ್ಲಿ ಕೊಡು.

– ತಗಳಿ. ಹಂಗಾದ್ರೆ ವೆಂಕಟೇಶ್ ಪ್ರಸಾದ್ ಮಾಡಿದ್ದು? ನಮ್ಮಪ್ಪ ಪ್ರತಿ ಸಲ ಅದನ್ನೇ ಹೇಳ್ತಾನೆ. ಎದೆಗೆ ಎದೆ ಕೊಟ್ಟ ಅಂತ.

– ನಿಮ್ಮಪ್ಪನೂ ನಾನೂ ಒಂದೇ ಟೀವಿ ಮುಂದೆ ಕೂತಿದ್ವಿ ಆವತ್ತು. 1996ರ ಮಾರ್ಚ್ 9. ಕಪ್ಪು ಬಿಳುಪಿನ ಪೆಟ್ಟಿಗೆ, ಬಾಗಿಲಾಚೆವರೆಗೂ ಜನ, ಒಬ್ಬ ಮಾಳಿಗೆ ಮೇಲೆ ಆಂಟೆನಾ ತಿರುಗಿಸ್ತಾ ಕೂತಿದ್ದ. ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಚಿನ್ನಸ್ವಾಮಿಯಲ್ಲಿ. ನಾವು 287. ಪಾಕಿಸ್ತಾನದ ಕ್ಯಾಪ್ಟನ್ ವಾಸಿಂ ಅಕ್ರಂ ಆಡಿರಲಿಲ್ಲ, ಆಮೀರ್ ಸೊಹೈಲ್‌ಗೆ ಆವತ್ತು ಕ್ಯಾಪ್ಟನ್ ಪಟ್ಟ. ಅವನೂ ಸಯೀದ್ ಅನ್ವರ್ರೂ ಚಚ್ಚಿ ಹಾಕ್ತಿದ್ರು. ಸೊಹೈಲ್ ಪ್ರಸಾದ್‌ಗೆ ಒಂದು ಬೌಂಡರಿ ಬಾರಿಸಿ, ಬ್ಯಾಟು ಚಾಚಿ, ಅಲ್ಲಿಗೇ ಮತ್ತೆ ಹೊಡೀತೀನಿ ಅಂತ ತೋರಿಸಿದ. ಪ್ರಸಾದ್ ಏನೂ ಅನ್ಲಿಲ್ಲ, ತಿರುಗಿ ತನ್ನ ಗುರುತಿಗೆ ನಡೆದ. ನಾನು ಆಟ ಕಲಿಸೋನು, ನನಗೆ ಇಷ್ಟ ಆಗಿದ್ದು ಆ ನಡಿಗೆ. ಬೌಲರ್ ತನ್ನ ಗುರುತಿಗೆ ನಡ್ಕೊಂಡು ಹೋಗೋ ಅಷ್ಟು ಹೊತ್ತು ಇರುತ್ತಲ್ಲ, ಅದು ಕ್ರಿಕೆಟ್ಟು ಅವನಿಗೆ ಕೊಟ್ಟಿರೋ ವರ. ಮುಂದಿನ ಚೆಂಡು ಬಂತು, ಸೊಹೈಲ್ ಹೇಳಿದ್ದನ್ನ ಉಳಿಸ್ಕೊಳ್ಳೋಕೆ ಅದೇ ಹೊಡೆತಕ್ಕೆ ಕೈ ಬೀಸಿದ, ಸ್ಟಂಪು ಹಾರಿತು.

– ಆಮೇಲೆ ಪ್ರಸಾದ್ ಪೆವಿಲಿಯನ್ ತೋರಿಸಿ ಬೈದ್ರಲ್ಲ!

– ತೋರಿಸಿದ್ರು, ಬೈದ್ರು. ನಾವೂ ಕುಣಿದ್ವಿ. ಸ್ಟಂಪು ಹಾರಿದ ಮೇಲೆ ಆ ಬೈಗುಳದಿಂದ ಸಿಕ್ಕಿದ್ದು ಒಂದು ರನ್ನೂ ಇಲ್ಲ. 39 ರನ್ನಲ್ಲಿ ಗೆದ್ದಿದ್ದು ಬೈಗುಳದ ಮುಂಚಿನ ಚೆಂಡಿನಿಂದ. ಜನ ಬೈಗುಳವನ್ನ ನೆನಪಿಟ್ಕೊಂಡ್ರು, ಚೆಂಡನ್ನ ಮರೆತ್ರು ಅನ್ನೋದು ನನ್ನ ಬೇಜಾರು. ಇನ್ನೊಂದು ನೋಡು, ಸಿಟ್ಟು ತೀರಿಸಿಕೊಳ್ಳೋಕೆ ಹೋಗಿ ಕೆಟ್ಟವನು ಪ್ರಸಾದ್ ಅಲ್ಲ, ಸೊಹೈಲ್. ತಂಡದ ಹೊಣೆ ಹೊತ್ತಿದ್ದ ಕ್ಯಾಪ್ಟನ್, 55 ಹೊಡೆದು ನೆಲೆ ನಿಂತಿದ್ದ. ಒಂದು ಚೆಂಡು ಬಿಟ್ಟಿದ್ರೆ ಪಂದ್ಯ ಅವರ ಕೈಲಿರ್ತಿತ್ತೇನೋ.

– ನಾನು ಸೊಹೈಲ್ ಅಲ್ಲ ಸಾರ್. ನನಗೆ ಬ್ಯಾಟು ತೋರಿಸಿಲ್ಲ ಯಾರೂ. ನನ್ನ ಅಣ್ಣನಂಥವನ ಕಾಲು ಮುರಿದವ್ರೆ. ನಿಮಗೆ ಹಿಂಗಾಗಿದ್ರೆ?

– ಆಗಿತ್ತು.

– ಏನ್ ಮಾಡಿದ್ರಿ?

– ನೀನು ಮಾಡಬೇಕು ಅಂತಿದೀಯಲ್ಲ, ಅದನ್ನೇ. ಆಗ ನನಗೆ 22. ಮ್ಯಾಟ್ ಎಲ್ಲಿತ್ತು, ಕೆರೆ ಅಂಗಳದ ಮಣ್ಣು ಅಗೆದು, ನೀರು ಚಿಮುಕಿಸಿ, ಸುಣ್ಣದ ಗೆರೆ ಹಾಕಿ ಆಡ್ತಿದ್ವಿ. ಪಕ್ಕದೂರಿನ ಹುಡುಗನೊಬ್ಬ ನನ್ನ ಬಾಯಿ ಅದುಮಿ ಉಸಿರು ಕಟ್ಟಿಸಿದ. ಅದು ಫೌಲು, ಅಂಪೈರ್ ಕೊಡ್ಲಿಲ್ಲ. ಮುಂದಿನ ರೈಡಿಗೆ ಅವನು ಬಂದ. ಗೆರೆ ದಾಟಿ ವಾಪಸು ಹೋಗ್ತಿದ್ದ, ಉಸಿರು ಬಿಟ್ಟಾಗಿತ್ತು. ಹಿಂದಿನಿಂದ ಹಾರಿ ಭುಜದ ಮೇಲೆ ಮೊಣಕಾಲಿಟ್ಟು ಬಿದ್ದೆ. ಸದ್ದು ಕೇಳಿಸ್ತು. ಒಣ ತೊಗರಿ ಕಡ್ಡಿ ಮುರಿದ ಹಾಗೆ. ಕಾಲರ್ ಮೂಳೆ.

– …

– ಕಡ್ಲೆಕಾಯಿ ಕೀಳೋ ಕಾಲ ಅದು. ಮನೇಲಿ ಅವನು ಒಬ್ಬನೇ ಗಂಡಾಳು. ಒಂದು ಕೈ ಕೊರಳಿಗೆ ಕಟ್ಕೊಂಡು ಅವನು ಬದುವಿನ ಮೇಲೆ ಕೂತಿರ್ತಿದ್ದನಂತೆ, ಅವರಮ್ಮ ಒಬ್ಬರೇ ಗಿಡ ಕೀಳ್ತಿದ್ರಂತೆ. ನಾನು ನೋಡೋಕೆ ಹೋಗ್ಲಿಲ್ಲ. ನಮ್ಮೂರವರು ನನ್ನ ಬೆನ್ನು ತಟ್ಟಿದ್ರು. ಏಳು ವರ್ಷ ಆ ಊರಿಗೂ ನಮಗೂ ಆಟ ನಿಂತುಹೋಯ್ತು. ಆ ಏಳು ವರ್ಷದಲ್ಲಿ ನಮ್ಮಲ್ಲೂ ಅವರಲ್ಲೂ ಒಳ್ಳೊಳ್ಳೆ ಆಟಗಾರರು ಬೆಳೆದ್ರು, ಹಳೆಯವರಾದ್ರು, ಒಬ್ಬರ ಎದುರು ಒಬ್ಬರು ಒಂದು ರೈಡೂ ಮಾಡದೆ ಮುಗಿದುಹೋದ್ರು. ಹಾಕಿಯವರದು ಏಳು ಪಂದ್ಯದ ಸರಣಿ. ಅದು ಮುಗಿದ ರಾತ್ರಿ ಎರಡೂ ತಂಡ ಸಾಲಾಗಿ ನಿಂತು ಪ್ರತಿಯೊಬ್ಬನೂ ಪ್ರತಿಯೊಬ್ಬನ ಕೈ ಕುಲುಕಬೇಕು, ಕ್ಯಾಲ್ಗರಿಯವರು ಸೋತ ರಾತ್ರಿ ನಾನು ಕಣ್ಣಾರೆ ನೋಡಿದೆ. ನಮ್ಮದು ಹಂಗಲ್ಲ. ಪ್ರತಿ ವರ್ಷ ಜಾತ್ರೆ ಬರುತ್ತೆ, ಅದೇ ಊರವರು ಬರ್ತಾರೆ, ಅಪ್ಪಂದಿರು ಹೋಗಿ ಮಕ್ಕಳು ಬರ್ತಾರೆ. ನಮ್ಮ ಸರಣಿಗೆ ಕೊನೇ ಪಂದ್ಯ ಅನ್ನೋದೇ ಇಲ್ಲ.

– ಅವನು ಸಿಕ್ಕಿದ್ನಾ ಆಮೇಲೆ?

– ಸಿಕ್ಕಿದ. ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಡುವಾಗ. ಎಕರೆಗೆ ವರ್ಷಕ್ಕೆ 21,000 ಅಂತ ಆಯ್ತಲ್ಲ, ಕಾಗದಪತ್ರ ಹಿಡ್ಕೊಂಡು ಎಲ್ಲರೂ ಸಾಲು ನಿಂತಿದ್ವಿ. ನನ್ನ ಮುಂದೆ ನಿಂತವನ ಅಂಗಿ ಕತ್ತು ಜಾರಿತ್ತು, ಮೂಳೆ ಗಂಟು ಕಾಣ್ತಿತ್ತು. ಮುಖ ನೋಡೋ ಮೊದಲೇ ಗೊತ್ತಾಯ್ತು ನನಗೆ. ಮೂವತ್ತು ವರ್ಷ ದಾಟಿತ್ತು. ಅವನೇ ತಿರುಗಿ ‘ಮೇಷ್ಟ್ರೇ, ಚೆನ್ನಾಗಿದೀರಾ’ ಅಂದ. ನಾನು ಅವನ ಭುಜದ ಕಡೆ ನೋಡ್ತಿದ್ದದ್ದು ಕಂಡು, ‘ಚಳೀಲಿ ಈಗಲೂ ಸ್ವಲ್ಪ ಹಿಡ್ಕೊಳ್ಳುತ್ತೆ’ ಅಂದ. ಬೈಲಿಲ್ಲ ಕಣೋ. ಬೈದಿದ್ರೆ ಅವತ್ತಿಗೇ ಮುಗೀತಿತ್ತೇನೋ ನನಗೆ. ಈಗ ಅವನ ಹೊಲ, ನನ್ನ ಹೊಲ ಎರಡೂ ಆ 13,000 ಎಕರೆಯೊಳಗೇ ಹೋಗಿವೆ. ಬದೂ ಇಲ್ಲ, ಕಲ್ಲೂ ಇಲ್ಲ, ಪ್ಯಾನೆಲ್ಲು ಸಾಲಾಗಿ ನಿಂತಿವೆ. ನೀನು ದಿನಾ ತೊಳೀತೀಯಲ್ಲ ಅದರಲ್ಲಿ ಯಾವುದೋ ಒಂದು ಸಾಲು ಅವನದು.

– ಈ ಕಥೆ ನೀವು ಯಾವತ್ತೂ ಹೇಳಿರ್ಲಿಲ್ಲ.

– ಹೇಳೋ ಅಂಥದ್ದಲ್ಲ. ಇವತ್ತು ನಿನ್ನ ಕಣ್ಣಲ್ಲಿ ಆ 22ರ ನನ್ನ ಮುಖ ಕಾಣ್ತು, ಹೇಳಿದೆ.

– ಸಾರ್, ಒಂದು ಕೇಳ್ಲಾ? ಆವತ್ತು ಅಂಪೈರ್ ಆ ಫೌಲ್ ಕೊಟ್ಟಿದ್ರೆ ನೀವು ಅವನ ಮೇಲೆ ಬೀಳ್ತಿದ್ರಾ?

– ಬೀಳ್ತಿರಲಿಲ್ಲ. ಇದು ನಿನ್ನ ಕಡೆಯ ನ್ಯಾಯವಾದ ಮಾತು. ಲೆಮ್ಯೂಗೆ ಎರಡೇ ಪಂದ್ಯದ ಶಿಕ್ಷೆ ಕೊಟ್ಟವರು ಆ ಮಾರ್ಚ್ 26ಕ್ಕೆ ಪಾಲುದಾರರು. ನ್ಯಾಯ ಹೇಳೋನು ಕಣ್ಣು ಮುಚ್ಚಿದ್ರೆ ಪ್ರತಿಯೊಬ್ಬನೂ ತಾನೇ ನ್ಯಾಯಾಧೀಶ ಆಗ್ತಾನೆ. ಗಡಿ ಆಚೆ ಆಂಧ್ರದ ಸೀಮೆಯಲ್ಲಿ ಸೇಡಿಗೆ ಸೇಡು ಅಂತ ಎಷ್ಟು ಮನೆ ಹಂಗೆ ಹಾಳಾದವು, ನಿಮ್ಮಜ್ಜಿ ಕಡೆಯವರನ್ನ ಕೇಳು, ಹೇಳ್ತಾರೆ. ಅದಕ್ಕೇ ಬೆಳಿಗ್ಗೆ ಕಮಿಟಿಯವರ ಹತ್ರ ಹೋಗ್ತೀನಿ. ಇಬ್ಬರು ಅಂಪೈರು, ಗೆರೆಗೆ ಬೇರೆ ಜನ ಬೇಕು, ವಿಷಲ್ ಆದಮೇಲೆ ಮುಟ್ಟಿದ್ರೆ ಹಳದಿ ಕಾರ್ಡು, ಎರಡು ನಿಮಿಷ ಹೊರಗೆ, ಎರಡೂ ತಂಡಕ್ಕೂ ಮೊದಲೇ ಮೈಕಲ್ಲಿ ಹೇಳಬೇಕು. ಒಪ್ಪಲಿಲ್ಲ ಅಂದ್ರೆ ನಾವು ಅಂಕಣಕ್ಕೆ ಇಳಿಯಲ್ಲ ಅಂತೀನಿ. ಆ ಜಗಳ ನಂದು. ನಿಂದಲ್ಲ.

– ನಂದು ಯಾವುದು?

– ಒಂದು ಕೇಳ್ತೀನಿ, ಹೇಳು. ನಮ್ಮ ಒಬ್ಬ ಔಟಾದ. ಎಲ್ಲಿ ಹೋಗ್ತಾನೆ?

– ಹೊರಗೆ ಸಾಲಲ್ಲಿ ಕೂರ್ತಾನೆ.

– ಯಾವಾಗ ಬರ್ತಾನೆ?

– ನಾವು ಅವರಲ್ಲಿ ಒಬ್ಬನ್ನ ಔಟ್ ಮಾಡಿದಾಗ. ಮೊದ್ಲು ಹೋದವನು ಮೊದ್ಲು.

– ಬೋನಸ್ ತಂದ್ರೆ?

– ಪಾಯಿಂಟ್ ಬರುತ್ತೆ, ಆಳು ಬರಲ್ಲ.

– ಬೇರೆ ಯಾವ ಆಟದಲ್ಲಿ ಇದೆ ಹೇಳು ಇದು? ಕ್ರಿಕೆಟ್ಟಲ್ಲಿ ಔಟಾದವನು ಹೋದ, ಹೋದ. ನಮ್ಮ ಆಟ ಕಟ್ಟಿದವರು ಯಾರೋ, ಅವರಿಗೆ ಹಗೆತನದ ಒಳಹೊರಗು ಗೊತ್ತಿತ್ತು. ಅವನನ್ನ ಕಳಿಸಬೇಕು ಅನ್ನೋ ಆಸೆಯನ್ನ ಆಟದಲ್ಲೇ ಇಟ್ರು. ಆದ್ರೆ ಅದಕ್ಕೆ ಜೊತೆಯಾಗಿ ನಮ್ಮವನನ್ನ ವಾಪಸು ತರೋದನ್ನೂ ಇಟ್ರು. ನೀನು ಮುಟ್ಟಿ ಗೆರೆಗೆ ಬಂದಾಗ ನಮ್ಮ ಜನ ಕೂಗ್ತಾರಲ್ಲ, ಅರ್ಧ ಕೂಗು ಹೋಗೋನಿಗೆ, ಅರ್ಧ ಎದ್ದು ಬರೋನಿಗೆ. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್ ನಿನಗೆ ಬಾಯಿಪಾಠ ಅಲ್ವಾ?

– ಬುಲ್ಸು ಗುಜರಾತು! 38–33. ಪವನ್ ಒಬ್ಬನೇ 22 ಪಾಯಿಂಟು.

– ಅರ್ಧ ಆಟಕ್ಕೆ ಬೆಂಗಳೂರು ಹಿಂದೆ ಇತ್ತು. ಕೆಲವು ದಿನದ ಮುಂಚೆ ಅದೇ ಪ್ಲೇಆಫಲ್ಲಿ ಇವರ ಕೈಲಿ ಸೋತಿದ್ದ ಗುಜರಾತಿನವರು ಸೇಡಿಗೇ ಬಂದಿದ್ರು, ಮುನ್ನಡೇಲೂ ಇದ್ರು. ಎರಡನೇ ಅರ್ಧದಲ್ಲಿ ಪವನ್ ಏನು ಮಾಡಿದ? ರೈಡ್ ಮಾಡಿದ, ಬಂದ. ಮತ್ತೆ ರೈಡ್ ಮಾಡಿದ, ಬಂದ. ಬಂದಾಗೆಲ್ಲ ಹೊರಗೆ ಕೂತಿದ್ದವರು ಒಬ್ಬೊಬ್ಬರೇ ಎದ್ದು ಒಳಗೆ ಬಂದ್ರು.

– ನಮ್ಮಣ್ಣ ಆ ಸಾಲಲ್ಲಿ ಕೂತಿಲ್ಲ ಸಾರ್. ಆಸ್ಪತ್ರೇಲವ್ನೆ. ನಾನು ಎಷ್ಟು ಪಾಯಿಂಟ್ ತಂದ್ರೆ ಎದ್ದು ಬರ್ತಾನೆ?

– …ಎಷ್ಟು ತಂದ್ರೂ ಬರಲ್ಲ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲಪ್ಪ. ಆ ಕಾರ್ನರ್‌ನವನ ಕಾಲು ಮುರಿದ್ರೂ ಬರಲ್ಲ, ಅಷ್ಟು ಮಾತ್ರ ಗೊತ್ತು.

– ಫೋನ್ ಮಾಡಿದ್ದ ಅಣ್ಣ, ಈಗ ಒಂದು ಗಂಟೆ ಹಿಂದೆ.

– ಏನಂದ?

– ಏನಿಲ್ಲ. ನಾಳೆ ಚೈನಿಗೆ ಎಡಗಡೆ ಯಾರು ಕೈ ಕೊಡ್ತಾರೆ ಅಂತ ಕೇಳಿದ. ಆ ಸಣ್ಣ ಹುಡುಗನ್ನ ಹಾಕಿ, ಅವನಿಗೆ ಭಯ ಜಾಸ್ತಿ, ಪಕ್ಕದಲ್ಲಿ ನೀನು ನಿಂತ್ಕೋ ಅಂದ. ಆ ಕಾರ್ನರ್‌ನವನ ಮಾತೇ ಎತ್ತಲಿಲ್ಲ. ನಾನು ಎತ್ತಿದ್ದಕ್ಕೆ ಇಟ್ಬಿಟ್ಟ.

– ಹೂಂ.

– ನಮ್ಮಲ್ಲಿ ಆಟ ಅಷ್ಟು ತಿಳಿದೋನು ಅವನೇ. ಮಲಗಿದ್ದಲ್ಲೇ ಅಂಕಣ ನೋಡ್ತಿದಾನೆ.

– ಬಟ್ಟೆ ಆಯ್ತು. ಎದ್ದು ನಿಂತು ನೋಡು. ಭಾರ ಹಾಕು.

– ನೋವಿಲ್ಲ. ಸಾರ್…

– ಹೇಳು.

– ಆ ಕಾರ್ನರ್‌ನವನು ಹಿಡಿಯೋ ಮುಂಚೆ ಏನೋ ಮಾಡ್ತಾನೆ. ಇವತ್ತು ಎರಡು ಸಲ ನೋಡಿದೆ. ಎಡಗಾಲು ಅರ್ಧ ಹೆಜ್ಜೆ ಮುಂದಕ್ಕೆ ಎಳೀತಾನೆ.

– ಮೂರು ಸಲ. ಭಾರ ಪೂರ್ತಿ ಆ ಕಾಲಿಗೇ ಬರುತ್ತೆ. ಆಗ ಅವನ ಹಿಂಗಾಲು?

– ಖಾಲಿ. ನೆಲ ಬಿಟ್ಟಿರುತ್ತೆ. ಅಲ್ಲಿ ಟೋ ಟಚ್ ಕೊಟ್ರೆ…

– ಸುಮ್ನೆ ಬಾಯಲ್ಲಿ ಹೇಳಬೇಡ. ಆ ಸುಣ್ಣ ತಗೊಂಡು ಬಾ, ಇಲ್ಲಿ ಬೋನಸ್ ಗೆರೆ ಎಳಿ. ನಾನು ಎಡ ಕಾರ್ನರ್ ನಿಂತ್ಕೋತೀನಿ. ನಿಧಾನಕ್ಕೆ ಬಾ ಮೊದಲು, ಆ ಕಾಲು ನೋಡ್ಕೊಂಡು.